ಪವರ್ಗದ ಪಾಠ

‘ಮೇಡಂ, ನಿಮ್ಮ ತುಟಿ ಮುಚ್ಚಿದ ಮೇಲೂ ಮಾತು ಬರುತ್ತಿದೆ’ ಎಂದು ಗಾಜಿನ ಆಚೆ ಕುಳಿತಿದ್ದ ಸೌಂಡ್ ಇಂಜಿನಿಯರ್ ಹುಡುಗ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವನು ಗಾಬರಿಯಾದ. ವಯಸ್ಸಾದವರಿಗೆ ಏನೋ ಅನ್ನಬಾರದ್ದು ಅಂದುಬಿಟ್ಟೆ ಎಂದುಕೊಂಡಿರಬೇಕು. ನಾನು ನಕ್ಕದ್ದು ಬೇರೆ ಕಾರಣಕ್ಕೆ. ಮೂವತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ಹನ್ನೊಂದು ಚಿತ್ರಗಳಲ್ಲಿ ನಾನು ತುಟಿ ತೆರೆದು ಮಾತಾಡಿದ್ದೆ. ಒಂದರಲ್ಲೂ ನನ್ನ ದನಿ ಹೊರಗೆ ಬಂದಿರಲಿಲ್ಲ.

ಇದು 2025ರ ಜುಲೈ ತಿಂಗಳ ಮಾತು. ರಾಜರಾಜೇಶ್ವರಿನಗರದ ಒಂದು ಮನೆಯ ನೆಲಮಾಳಿಗೆಯಲ್ಲಿ ಡಬ್ಬಿಂಗ್ ಸ್ಟುಡಿಯೋ. ಮೇಲೆ ಮಾಲೀಕರ ಸಂಸಾರ, ಕೆಳಗೆ ನಾವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆ, ಒಂದು ಮೈಕ್, ಮಾತಿನ ಹಾಳೆ ಇಡಲು ಕಬ್ಬಿಣದ ಸ್ಟ್ಯಾಂಡ್, ಎದುರಿಗೆ ಪರದೆ. ಹೆಡ್‌ಫೋನಿನಲ್ಲಿ ಮೂರು ಬೀಪ್ ಕೇಳಿಸುತ್ತವೆ. ನಾಲ್ಕನೆಯದು ಕೇಳಿಸುವುದಿಲ್ಲ, ಅದು ಬೀಳಬೇಕಾದ ಜಾಗದಲ್ಲಿ ಮಾತು ಎತ್ತಿಕೊಳ್ಳಬೇಕು. ಭರತನಾಟ್ಯ ಕಲಿತವಳಿಗೆ ಇದೇನು ಮಹಾ ಎಂದುಕೊಂಡಿದ್ದೆ. ತಾಳ ಶುರುವಾಗುವುದಕ್ಕೆ ಮೊದಲೇ ಎತ್ತಿಕೊಂಡರೆ ಅತೀತ, ಶುರುವಾದ ಮೇಲೆ ಎತ್ತಿಕೊಂಡರೆ ಅನಾಗತ ಎಂದು ಹತ್ತು ವರ್ಷದವಳಿದ್ದಾಗಲೇ ತಟ್ಟುಕೋಲಿನ ಸದ್ದಿನ ಜೊತೆ ಕಲಿತವಳು ನಾನು. ಮೊದಲ ದಿನ ಮೊದಲ ಗಂಟೆಯಲ್ಲಿ ಅತೀತವೂ ಆಯಿತು, ಅನಾಗತವೂ ಆಯಿತು. ಸಮಕ್ಕೆ ಮಾತ್ರ ಬರಲಿಲ್ಲ.

ನಾನು ಹುಟ್ಟಿದ್ದು 1972ರಲ್ಲಿ, ಮಲ್ಲೇಶ್ವರದಲ್ಲಿ. ಕೆಂಪು ಗಾರೆಯ ನೆಲದ ಹಜಾರದಲ್ಲಿ ಗುರುಗಳು ಪಾಠ ಹೇಳುತ್ತಿದ್ದರು. ಜೂನಿಯರ್, ಸೀನಿಯರ್ ಮುಗಿಸಿ ವಿದ್ವತ್ ಪರೀಕ್ಷೆಗೆ ಕುಳಿತಿದ್ದ ವರ್ಷವೇ ಸಿನಿಮಾ ಬಂತು. ಬಂತು ಎನ್ನುವುದೇ ಸರಿ. ನಾನು ಹುಡುಕಿಕೊಂಡು ಹೋದವಳಲ್ಲ. ಚೌಡಯ್ಯ ಸ್ಮಾರಕ ಭವನದಲ್ಲಿ ನನ್ನ ನೃತ್ಯ ನೋಡಿದ ಒಬ್ಬ ನಿರ್ಮಾಪಕರು ಮರುವಾರ ಮನೆಗೆ ಬಂದು, ಅಪ್ಪ ಕೊಟ್ಟ ಕಾಫಿ ಕುಡಿದು, ‘ಹುಡುಗಿಯ ಕಣ್ಣು ಚೆನ್ನಾಗಿದೆ’ ಎಂದರು. ದನಿಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ನನ್ನ ದನಿ ಸ್ವಲ್ಪ ಗಡಸು. ಮನೆಯಲ್ಲಿ ಫೋನ್ ಎತ್ತಿದರೆ ಆಚೆಯವರು ‘ತಮ್ಮಾ, ಅಪ್ಪನಿಗೆ ಕೊಡು’ ಎನ್ನುತ್ತಿದ್ದರು.

ಮೊದಲ ಚಿತ್ರವನ್ನು ಅಮ್ಮನ ಜೊತೆ ಕೆಂಪೇಗೌಡ ರಸ್ತೆಯ ಚಿತ್ರಮಂದಿರದಲ್ಲಿ ನೋಡಿದೆ. ಬಾಲ್ಕನಿ, ಮಧ್ಯಾಹ್ನದ ಆಟ. ಪರದೆಯ ಮೇಲೆ ನಾನು ಬಾವಿಕಟ್ಟೆಯ ಹತ್ತಿರ ಕೊಡ ಇಟ್ಟು ತಿರುಗಿದೆ, ಬಾಯಿ ತೆರೆದೆ. ಕೊಳಲಿನಂಥ ತೆಳು ದನಿಯೊಂದು ಬಂತು. ಅಮ್ಮ ಪರದೆ ಬಿಟ್ಟು ಪಕ್ಕದಲ್ಲಿ ಕುಳಿತ ನನ್ನನ್ನು ನೋಡಿದರು. ಆಮೇಲೆ ಮತ್ತೆ ಪರದೆ ನೋಡಿದರು. ಮತ್ತೆ ನನ್ನನ್ನು. ‘ಇದು ಯಾರು?’ ಎಂದು ಕೇಳಿದರು. ಅವರು ಕೇಳಿದ್ದು ದನಿ ಯಾರದು ಎಂದು. ಆದರೆ ಆ ಕತ್ತಲೆಯಲ್ಲಿ ನನಗೆ ಪ್ರಶ್ನೆ ಬೇರೆಯಾಗಿ ಕೇಳಿಸಿತು, ಉತ್ತರ ಹೊಳೆಯಲಿಲ್ಲ. ಡಬ್ಬಿಂಗ್ ಬೇರೆಯವರು ಮಾಡಿದ್ದಾರೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಬೇಕಾದ ವಿಷಯ ಎಂದು ಅವರಿಗೆ ಅನ್ನಿಸಿಯೂ ಇರಲಾರದು.

ಈಗ ಯೋಚಿಸಿದರೆ ಅದರಲ್ಲಿ ದುರುದ್ದೇಶ ಕಾಣುವುದಿಲ್ಲ. ಆ ಕಾಲದ ಕ್ಯಾಮೆರಾಗಳು ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತಿದ್ದವು. ಸೆಟ್ಟಿನಲ್ಲಿ ಆಡಿದ ಮಾತು ಬರೀ ಗುರುತಿಗೆ, ಅದನ್ನು ಪೈಲಟ್ ಟ್ರ್ಯಾಕ್ ಎನ್ನುತ್ತಿದ್ದರು. ನಿಜವಾದ ಮಾತು ಆಮೇಲೆ, ಸ್ಟುಡಿಯೋದಲ್ಲಿ. ನಾಯಕಿಯರು ಬೇರೆ ಬೇರೆ ಭಾಷೆಯ ಕಡೆಯಿಂದ ಬರುತ್ತಿದ್ದರು, ಅವರಿಗೆ ಕನ್ನಡ ಬಾರದು, ಆದ್ದರಿಂದ ಬೇರೆ ದನಿ. ಹೀಗೆ ಶುರುವಾದದ್ದು ಕೊನೆಗೆ ಕನ್ನಡದವರಿಗೂ ಅಂಟಿತು. ನಾಯಕಿ ಎಂದರೆ ಇಂಥ ಸೀರೆ, ಇಂಥ ಹೂವು, ಇಂಥ ದನಿ.

ಇನ್ನೊಂದು ತಮಾಷೆ ಇದೆ. ಪರಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡಬಾರದು ಎಂಬ ಅಲಿಖಿತ ನಿಷೇಧ 1960ರ ದಶಕದಿಂದ ನಮ್ಮಲ್ಲಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದಕ್ಕೆ ವಿರುದ್ಧವಾಗಿ ಆದೇಶ ಕೊಡುವವರೆಗೂ ಅದು ಗಟ್ಟಿಯಾಗಿಯೇ ನಿಂತಿತ್ತು. ನಮ್ಮ ಕಲಾವಿದರ, ತಂತ್ರಜ್ಞರ ಅನ್ನದ ಪ್ರಶ್ನೆ ಅದು, ನಾನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಬೇರೆಯವರ ನಟಿ ಕನ್ನಡದಲ್ಲಿ ಮಾತಾಡಬಾರದೆಂದು ಕಾವಲು ಕಾದ ಉದ್ಯಮದಲ್ಲೇ, ಮಲ್ಲೇಶ್ವರದ ಹುಡುಗಿಯೊಬ್ಬಳು ಕನ್ನಡದಲ್ಲಿ ಮಾತಾಡುವುದು ಬೇಡವಾಗಿತ್ತು. ಅದನ್ನು ಆಗ ಎತ್ತಿ ಆಡುವ ಧೈರ್ಯ ನನಗಿರಲಿಲ್ಲ. ವಯಸ್ಸು ಹತ್ತೊಂಬತ್ತು. ಕಾಲ್‌ಶೀಟ್ ಕೇಳಿದರೆ ಕೊಡುತ್ತಿದ್ದೆ.

ಕಾಲು ಮಾತ್ರ ನನ್ನದೇ ಆಗಿತ್ತು. ಹಾಡಿನ ಚಿತ್ರೀಕರಣದಲ್ಲಿ ನಾನು ರಾಣಿ. ಬಿಡುಗಡೆಯಾದ ಮೇಲೆ ನಾಯಕಿ ಗಾಳಿಯಲ್ಲಿ ತೇಲುವಂತೆ ನಿಧಾನವಾಗಿ ತಿರುಗುತ್ತಾಳಲ್ಲ, ಅದನ್ನು ತೆಗೆಯುವಾಗ ಕ್ಯಾಮೆರಾ ಸೆಕೆಂಡಿಗೆ 24ರ ಬದಲು 48 ಫ್ರೇಮ್ ಓಡುತ್ತದೆ. ತುಟಿ ಹಾಡಿಗೆ ಹೊಂದಬೇಕಾದರೆ ಟೇಪನ್ನು ಎರಡರಷ್ಟು ವೇಗದಲ್ಲಿ ಹಾಕುತ್ತಾರೆ. ಅಂದರೆ ನಂದಿಬೆಟ್ಟದ ಮೇಲೆ ಬೆಳಗಿನ ಆರೂವರೆಗೆ, ಹಲ್ಲು ಕಟಕಟ ಎನ್ನುವ ಚಳಿಯಲ್ಲಿ, ಶಿಫಾನ್ ಸೀರೆಯಲ್ಲಿ, ಇಲಿ ಕೀರಲುವಂಥ ಹಾಡಿಗೆ ದುಪ್ಪಟ್ಟು ವೇಗದಲ್ಲಿ ಕುಣಿಯಬೇಕು, ಮುಖದಲ್ಲಿ ಮಾತ್ರ ತೇಲುವ ಸುಖ ಇರಬೇಕು. ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ಅಡವಿನ ಹೆಜ್ಜೆ ಹಾಕಿ ಬೆಳೆದವಳಿಗೆ ಅದು ನೀರು ಕುಡಿದಷ್ಟು ಸಲೀಸು. ನೆಗೆಟಿವ್ ದುಬಾರಿ. ನಾನೂರು ಅಡಿಯ ಸುರುಳಿ 24 ಫ್ರೇಮಿನ ಲೆಕ್ಕದಲ್ಲಿ ನಾಲ್ಕೂವರೆ ನಿಮಿಷಕ್ಕೇ ಖಾಲಿ, 48ರಲ್ಲಿ ಅದರ ಅರ್ಧ. ಒಂದೇ ಟೇಕಿಗೆ ಮುಗಿಸುವ ಹುಡುಗಿ ಎಂದು ನನ್ನನ್ನು ಕರೆಯುತ್ತಿದ್ದರು. ಡಾನ್ಸ್ ಮಾಸ್ಟರ್ ‘ಒಂದು ಎರಡು ಮೂರು ನಾಲ್ಕು’ ಎಂದು ಎಣಿಸಿದರೆ ನಾನು ಒಳಗೊಳಗೇ ‘ತಕಧಿಮಿ’ ಎಂದುಕೊಳ್ಳುತ್ತಿದ್ದೆ.

ಗುರುಗಳಿಗೆ ಇದು ಹಿಡಿಸಲಿಲ್ಲ. ಬೈಯಲಿಲ್ಲ. ಪಾಠಕ್ಕೆ ಹೋದರೆ ‘ಕೂತುಕೋ ಮಗು, ನೋಡು’ ಎನ್ನುತ್ತಿದ್ದರು. ಗೆಜ್ಜೆ ಕಟ್ಟು ಎನ್ನುತ್ತಿರಲಿಲ್ಲ. ಎರಡು ವರ್ಷ ಹಾಗೆ ಕೂತು ನೋಡಿದೆ. ಆ ಎರಡು ವರ್ಷ ನಾನು ಕಲಿತದ್ದು, ಕುಣಿಯುತ್ತಾ ಕಲಿತದ್ದಕ್ಕಿಂತ ಹೆಚ್ಚೇ ಇರಬಹುದು.

1998ರಲ್ಲಿ ಮದುವೆಯಾಗಿ ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋದೆ. ಅವನು ಬೆಂಗಳೂರಿಗೆ ಎರಡು ವರ್ಷದ ಕೆಲಸಕ್ಕೆ ಬಂದಿದ್ದ ಇಂಜಿನಿಯರ್. ಅಮ್ಮನ ಎದುರು ‘ಅವರು’ ಎನ್ನುತ್ತೇನೆ, ಬರೆಯುವಾಗ ‘ಅವನು’ ಎಂದೇ ಬರುತ್ತದೆ. ಹೇಗೆ ಭೇಟಿಯಾಯಿತು, ಯಾರು ಒಪ್ಪಿದರು, ಯಾರು ಅತ್ತರು ಎಂಬುದೆಲ್ಲ ಎಲ್ಲ ಮನೆಗಳಲ್ಲೂ ಒಂದೇ ಥರ, ಬಿಡಿ.

ನಮ್ಮದು ಮೂರನೆಯ ಮಹಡಿ, ಮರದ ನೆಲ. ಹೋದ ಮೊದಲ ಭಾನುವಾರ ಬೆಳಿಗ್ಗೆ ಅಭ್ಯಾಸಕ್ಕೆ ಮಂಡಿ ಅರ್ಧ ಮಡಿಚಿ ಅರೆಮಂಡಿಯಲ್ಲಿ ಕೂತು, ನೆಲಕ್ಕೆ ಪಾದ ತಟ್ಟುವ ತಟ್ಟಡವು ಶುರು ಮಾಡಿದೆ. ಮೂರನೆಯ ಅಡವಿಗೆ ಬಾಗಿಲ ಗಂಟೆ. ಕೆಳಗಿನ ಮನೆಯ ಅಜ್ಜಿ. ಭಾನುವಾರ ಅಲ್ಲಿ ಶಾಂತಿಯ ದಿನ, ಗೋಡೆಗೆ ಮೊಳೆ ಹೊಡೆಯುವುದೂ ಸಲ್ಲದು. ನನಗೆ ಜರ್ಮನ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಕಾಲು ತೋರಿಸಿದೆ, ಗೆಜ್ಜೆ ತೋರಿಸಿದೆ, ಕೈಮುಗಿದೆ. ಅವರು ತಮ್ಮ ಚಾವಣಿಯನ್ನು ತೋರಿಸುವಂತೆ ನೆಲಕ್ಕೆ ಬೆರಳು ಮಾಡಿ, ತಲೆಯ ಮೇಲೆ ಎರಡೂ ಕೈ ಹೊತ್ತು ನಿಂತರು. ನನ್ನ ಜೀವನದಲ್ಲಿ ನಾನು ಕಂಡ ಅತ್ಯಂತ ಸ್ಪಷ್ಟ ಅಭಿನಯ ಅದು. ಒಪ್ಪಂದವಾದದ್ದು ಹೀಗೆ: ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಅವರು ಅಂಗಡಿಗೆ ಹೋಗುವ ಎರಡು ಗಂಟೆ ನನ್ನದು. ಹೊರಡುವಾಗ ಮೆಟ್ಟಿಲಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದು ಮಾಡುತ್ತಿದ್ದರು. ಅದು ನನಗೆ ನಟುವಾಂಗದ, ಅಂದರೆ ಕುಣಿತಕ್ಕೆ ಗುರುಗಳು ಹಾಕುವ ತಾಳದ, ಮೊದಲ ಪೆಟ್ಟು.

ಆ ಸೀಮೆಯಲ್ಲಿ ಇನ್ನೊಂದು ಪದ್ಧತಿ ಇದೆ, ಕೆಹ್‌ರ್‌ವೋಖೆ ಎಂದು. ಗುಡಿಸುವ ವಾರ. ಮೆಟ್ಟಿಲು, ಮೊಗಸಾಲೆ, ಮನೆ ಮುಂದಿನ ಕಾಲುದಾರಿಯನ್ನು ಮನೆಯವರು ಸರದಿಯ ಮೇಲೆ ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಪುಟ್ಟ ಫಲಕ ತೂಗುಬೀಳುತ್ತದೆ. ಮೊದಲ ಸಲ ಫಲಕ ಕಂಡು, ಏನೋ ತಪ್ಪು ಮಾಡಿದ್ದೇನೆ, ದಂಡ ಹಾಕಿದ್ದಾರೆ ಎಂದು ಹೆದರಿ ಒಳಗೆ ಕೂತಿದ್ದೆ. ಆಮೇಲೆ ಅದು ಎಷ್ಟು ರೂಢಿಯಾಯಿತೆಂದರೆ ಗುಡಿಸಿದ ಮೇಲೆ ಮೂರನೆಯ ಮಹಡಿಯ ಬಾಗಿಲಿಗೆ ಒಂದು ಎಳೆ ರಂಗೋಲಿ ಎಳೆದೆ. ಕೆಳಗಿನ ಅಜ್ಜಿ ಅದನ್ನು ತುಳಿಯದೆ ದಾಟಲು ಕಾಲೆತ್ತಿದ್ದನ್ನು ಕಿಂಡಿಯಿಂದ ನೋಡಿದೆ. ಅವತ್ತು ನಾನು ಆ ಊರಿನವಳಾದೆ ಎಂದು ನನ್ನ ಲೆಕ್ಕ. ವೀಸಾ ಕಚೇರಿಯವರ ಲೆಕ್ಕ ಬೇರೆ.

ಭಾಷೆ ಕಲಿಯುವುದರಲ್ಲಿ ಕನ್ನಡ ನನ್ನ ಕೈಹಿಡಿಯಿತು. ಜರ್ಮನ್ನಿನಲ್ಲಿ ‘ಏಕೆಂದರೆ’ ಎಂದು ಹೊರಟರೆ ಕ್ರಿಯಾಪದ ಕೊನೆಗೆ ಹೋಗಿ ಕೂರುತ್ತದೆ. ತರಗತಿಯಲ್ಲಿ ಇಂಗ್ಲಿಷಿನವರು ಒದ್ದಾಡುತ್ತಿದ್ದರು. ನನಗೆ ಅದು ಮನೆಯ ಅಡುಗೆ. ‘ನಾನು ನಿನ್ನೆ ಸಂಜೆ ಅಂಗಡಿಗೆ’ ಎಂದು ಹೇಳಿ ಹೋದೆನೋ ಹೋಗಲಿಲ್ಲವೋ ಎಂದು ಕೊನೆಯವರೆಗೆ ಕಾಯಿಸುವ ಜನ ನಾವು. ನೀನು, ನೀವು ಎಂಬ ಭೇದವೂ ಅವರಲ್ಲಿದೆ. ಆದರೆ ಅಲ್ಲೇ ಎಡವಿದೆ. ಅತ್ತೆ ಮೊದಲ ಕ್ರಿಸ್‌ಮಸ್‌ನಲ್ಲಿ ‘ಇನ್ನು ಮೇಲೆ ನನ್ನನ್ನು ನೀನು ಎನ್ನು’ ಎಂದು ಅಪ್ಪಿಕೊಂಡರು. ಅತ್ತೆಯನ್ನು ನೀನು ಎನ್ನುವುದು! ಆರು ತಿಂಗಳು ನಾನು ಅವರ ಜೊತೆ ಸರ್ವನಾಮವೇ ಇಲ್ಲದ ವಾಕ್ಯಗಳಲ್ಲಿ ಮಾತಾಡಿದೆ. ‘ಕಾಫಿ ಬೇಕೇ?’ ‘ಹೊರಗೆ ಚಳಿ ಇದೆ, ಟೋಪಿ ಇರಲಿ.’ ಅವರ ಮಗ ಇದನ್ನು ಕಂಡುಹಿಡಿದು ಊಟದ ಮೇಜಿನ ಮೇಲೆ ಬಯಲು ಮಾಡಿದಾಗ ಅತ್ತೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಗಂಡನಿಗೆ ಇನ್ನೊಂದು ಹೆಮ್ಮೆ. ಕನ್ನಡ ನಿಘಂಟಿನ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್ನಿನಲ್ಲಿ. ನಮ್ಮ ಮನೆಯಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ‘ನಿಮ್ಮ ಪದಗಳನ್ನೆಲ್ಲ ಲೆಕ್ಕ ಹಾಕಿ ಇಟ್ಟವರು ನಮ್ಮವರು’ ಎಂದು ಛೇಡಿಸುತ್ತಿದ್ದ. ಹೌದಪ್ಪ, ಆದರೆ ಅವನ್ನು ಆಡಲು ಅಲ್ಲಿ ನನಗೆ ಜೊತೆ ಯಾರಿದ್ದರು? ವಾರಕ್ಕೊಮ್ಮೆ ಅಮ್ಮನ ಫೋನು. ಉಳಿದ ದಿನ ಮಗಳಿಗೆ ಊಟ ಮಾಡಿಸುವಾಗ ಆಡಿದ ಕನ್ನಡ, ಅವಳು ಶಾಲೆ ಸೇರುವವರೆಗೆ.

ಆ ದೇಶದಲ್ಲಿ ನನಗೆ ಸೋಜಿಗವೆನಿಸಿದ್ದು ಟಿ.ವಿ. ಹೊರಗಿನ ಚಿತ್ರಗಳೆಲ್ಲ ಅಲ್ಲಿ ಜರ್ಮನ್ ಮಾತಾಡುತ್ತವೆ. ಹಾಲಿವುಡ್ಡಿನ ದೊಡ್ಡ ನಟರಿಗೆ ಒಬ್ಬೊಬ್ಬರಿಗೆ ಗೊತ್ತುಮಾಡಿದ ಒಂದೊಂದು ದನಿ ಇರುತ್ತದೆ, ವರ್ಷಗಟ್ಟಲೆ ಅದೇ. 2004ರ ಸುಮಾರಿಗೆ ಹಿಂದಿ ಚಿತ್ರಗಳೂ ಹಾಗೆಯೇ ಬರತೊಡಗಿದವು. ಅಮಿತಾಭ್ ಬಚ್ಚನ್ ಜರ್ಮನ್ನಿನಲ್ಲಿ ಮಗನನ್ನು ಗದರಿಸುವುದನ್ನು ನೋಡಿ ನಾನು ನಕ್ಕರೆ, ಪಕ್ಕದಲ್ಲಿದ್ದ ಅತ್ತೆ ಅಳುತ್ತಿದ್ದರು. ಅವರಿಗೆ ಅದೇ ಅವನ ದನಿ. ಆಮೇಲೆ ನನಗೆ ನಗು ಬರಲಿಲ್ಲ. ನನ್ನ ಹನ್ನೊಂದು ಚಿತ್ರ ನೋಡಿದವರಿಗೂ ಆ ಕೊಳಲ ದನಿಯೇ ನಾನು.

2022ರಲ್ಲಿ ಬೆಂಗಳೂರಿಗೆ ಮರಳಿದೆವು. ಅಮ್ಮನಿಗೆ ವಯಸ್ಸಾಗಿತ್ತು, ಅವನಿಗೆ ನಿವೃತ್ತಿ, ಮಗಳಿಗೆ ಅಲ್ಲೇ ಕೆಲಸ. ಈಗ ಸಾಲಿನಲ್ಲಿ ನಿಂತು ಕಾಗದಪತ್ರ ಕೊಡುವ ಸರದಿ ಅವನದು. ಶನಿವಾರ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ತಾನೇ ಗುಡಿಸುತ್ತಾನೆ. ವಾಚ್‌ಮನ್ ಎರಡು ಸಲ ಪೊರಕೆ ಕಸಿದುಕೊಂಡ, ಮೂರನೆಯ ಸಲ ಸುಮ್ಮನಾದ.

ಸಿನಿಮಾ ಮತ್ತೆ ಬಂದದ್ದು ಪರಿಚಯದವರ ಮಗನ ಮೂಲಕ. ನಿರ್ದೇಶಕನಿಗೆ ಮೂವತ್ತೂ ತುಂಬಿರಲಿಲ್ಲ. ನಾಯಕನ ಸೋದರತ್ತೆಯ ಪಾತ್ರ, ಹದಿನಾಲ್ಕು ದೃಶ್ಯ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ದಿನಗಟ್ಟಲೆ ಮನಸ್ಸಿನಲ್ಲಿ ಉರು ಹೊಡೆದಿದ್ದ ಷರತ್ತು ಹೇಳಿದೆ: ‘ದನಿ ನನ್ನದೇ ಇರಬೇಕು.’ ಹುಡುಗ ಕಣ್ಣು ಪಿಳಿಪಿಳಿ ಬಿಟ್ಟ. ‘ಮತ್ತೆ ಯಾರದು ಮೇಡಂ?’ ಎಂದ. ನನ್ನ ಮೂವತ್ತು ವರ್ಷದ ಹೋರಾಟ ಅವನ ಮುಂದೆ ಹಾಗೆ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಚಿತ್ರೀಕರಣ ಬಸವನಗುಡಿಯ ಒಂದು ಹಳೆಯ ಮನೆಯಲ್ಲಿ. ಪಕ್ಕದ ಮನೆಯ ಕುಕ್ಕರ್, ಬೀದಿಯಲ್ಲಿ ಸೊಪ್ಪಿನವಳು, ಯಾರೋ ಬೋರ್‌ವೆಲ್ ಕೊರೆಸುತ್ತಿದ್ದರು. ಸ್ಥಳದ ಶಬ್ದ ಉಳಿಸಿಕೊಳ್ಳುವ ಆಸೆ ನಿರ್ದೇಶಕನಿಗಿದ್ದರೂ ಕೊನೆಗೆ ಡಬ್ಬಿಂಗ್ ಎಂದಾಯಿತು. ಆಗ ನನಗೆ ಭಯ ಶುರುವಾಯಿತು. ನಾನು ಜೀವನದಲ್ಲಿ ಒಂದು ಸಲವೂ ಡಬ್ಬಿಂಗ್ ಕೋಣೆಯೊಳಗೆ ಕಾಲಿಟ್ಟವಳಲ್ಲ.

ಅಕ್ಕನನ್ನು ಹುಡುಕಿಕೊಂಡು ಹೋದೆ.

ನನ್ನ ಹನ್ನೊಂದರಲ್ಲಿ ಏಳು ಚಿತ್ರಗಳಿಗೆ ದನಿ ಕೊಟ್ಟವರು ಅವರು. ಆಗ ನಾವು ಭೇಟಿಯಾಗಿರಲೇ ಇಲ್ಲ. ಅವರು ಕೆಲಸ ಮಾಡುವ ಹೊತ್ತಿಗೆ ನಾನು ಮುಂದಿನ ಚಿತ್ರದ ಸೆಟ್ಟಿನಲ್ಲಿರುತ್ತಿದ್ದೆ. ಹನುಮಂತನಗರದ ಇಳಿಜಾರು ರಸ್ತೆಯಲ್ಲಿ ಅವರ ಮನೆ. ಎಪ್ಪತ್ತೈದು ದಾಟಿದ್ದಾರೆ. ಆಕಾಶವಾಣಿಯ ನಾಟಕಗಳಿಂದ ಸಿನಿಮಾಕ್ಕೆ ಬಂದವರು. ಬಾಗಿಲು ತೆರೆದು, ಕನ್ನಡಕ ಮೇಲೆ ಸರಿಸಿ, ‘ಬಂದೆಯಾ’ ಎಂದರು. ಆ ಮೂರಕ್ಷರದಲ್ಲಿ ನನ್ನದೇ ಇಪ್ಪತ್ತು ವರ್ಷದ ಮುಖ ಕಣ್ಣ ಮುಂದೆ ಬಂದು ಹೋಯಿತು. ದನಿ ಒಂದಿಷ್ಟೂ ಮುಕ್ಕಾಗಿರಲಿಲ್ಲ.

‘ಶೀರ್ಷಿಕೆಯಲ್ಲಿ ನನ್ನ ಕೆಲಸಕ್ಕೆ ಕಂಠದಾನ ಎಂದು ಹಾಕುತ್ತಿದ್ದರು’ ಎಂದು ಕಾಫಿ ಸೋಸುತ್ತಾ ಹೇಳಿದರು. ‘ಹಾಕಿದರೆ. ದಾನ ಎಂದ ಮೇಲೆ ದುಡ್ಡು ಕೇಳುವುದು ಸಭ್ಯತೆ ಅಲ್ಲ ನೋಡು.’ ಮತ್ತೆ ತಾವೇ ನಕ್ಕರು. ಲೂಪ್ ಎಂದು ಫಿಲ್ಮಿನ ತುಂಡನ್ನು ಬಳೆಯಂತೆ ಅಂಟಿಸಿ ಮತ್ತೆ ಮತ್ತೆ ಓಡಿಸುತ್ತಿದ್ದ ಕಾಲ ಅದು. ದೃಶ್ಯದಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಒಂದೇ ಮೈಕಿನ ಸುತ್ತ. ಮೂವರು ಸರಿಯಾಗಿ ಹೇಳಿ ನಾಲ್ಕನೆಯವರು ತಪ್ಪಿದರೆ ಎಲ್ಲರಿಗೂ ಮೊದಲಿಂದ.

ನಾನು ಅವರ ಎದುರು ನನ್ನ ಒಂದು ಮಾತು ಓದಿದೆ. ‘ಪಾತ್ರೆ ತೊಳೆದಿಟ್ಟು ಬಂದೆ.’ ಅಕ್ಕ ತಲೆ ಓರೆ ಮಾಡಿ ಕೇಳಿದರು. ‘ಇನ್ನೊಮ್ಮೆ ಹೇಳು.’ ಹೇಳಿದೆ. ‘ಫಾತ್ರೆ ಅನ್ನುತ್ತಿದ್ದೀಯಲ್ಲ ಕಣಮ್ಮ. ಅದೇನು, ಬಿಸಿ ಇದೆಯೇ ಪಾತ್ರೆ?’

ಜರ್ಮನ್ನಿನ ಪ ಅಕ್ಷರದ ಹಿಂದೆ ಒಂದು ಪುಟ್ಟ ಗಾಳಿ ಇರುತ್ತದೆ. ಇಪ್ಪತ್ತನಾಲ್ಕು ವರ್ಷಗಳಲ್ಲಿ ಅದು ನನ್ನ ಬಾಯಲ್ಲಿ ಮನೆ ಮಾಡಿಕೊಂಡಿತ್ತು, ನನಗೇ ಗೊತ್ತಿಲ್ಲದೆ. ಮಲ್ಲೇಶ್ವರದಲ್ಲಿ ತರಕಾರಿ ಕೊಳ್ಳುವಾಗ ಯಾರಿಗೂ ಗೊತ್ತಾಗುವುದಿಲ್ಲ, ಮೈಕಿಗೆ ಗೊತ್ತಾಗುತ್ತದೆ. ಅಕ್ಕ ಎದ್ದು ಹೋಗಿ ಪರ್ಸಿನಿಂದ ಒಂದು ಬಸ್ ಟಿಕೆಟ್ ತಂದರು. ತೆಳ್ಳಗಿನ ಬಿಎಂಟಿಸಿ ಟಿಕೆಟ್. ಅದನ್ನು ನನ್ನ ತುಟಿಯ ಮುಂದೆ ಎರಡು ಬೆರಳ ದೂರದಲ್ಲಿ ಹಿಡಿದರು. ‘ಪ ಅನ್ನು. ಅಲುಗಬಾರದು. ಈಗ ಫ ಅನ್ನು. ಅಲುಗಬೇಕು.’ ಟಿಕೆಟ್ ಎರಡಕ್ಕೂ ಬಾವುಟದಂತೆ ಹಾರಾಡಿತು. ಐವತ್ತಮೂರನೆಯ ವಯಸ್ಸಿನಲ್ಲಿ, ವಿದ್ವತ್ ಮುಗಿಸಿದವಳು, ಪ ಫ ಬ ಭ ಮ ಎಂದು ಒಂದನೇ ತರಗತಿಯ ಮಗುವಿನಂತೆ ಕೂತೆ. ದಿನಕ್ಕೆ ಅರ್ಧ ಗಂಟೆ, ಹತ್ತು ದಿನ. ಟಿಕೆಟ್ ಕೊನೆಗೆ ಒದ್ದೆಯಾಗಿ ಹರಿಯಿತು, ಅಕ್ಕ ಇನ್ನೊಂದು ತಂದರು.

‘ಪವರ್ಗ ಹಿಡಿ’ ಎನ್ನುತ್ತಿದ್ದರು. ‘ಬೇರೆ ಅಕ್ಷರಕ್ಕೆ ತುಟಿ ಹೇಗೋ ಇರುತ್ತದೆ, ನೋಡುವವರ ಕಣ್ಣು ಅದನ್ನು ಮನ್ನಿಸುತ್ತದೆ. ಪ, ಬ, ಮ ಬಂದ ಕಡೆ ತುಟಿ ಸೇರಲೇಬೇಕು. ಅಲ್ಲಿ ತಪ್ಪಿದರೆ ದನಿ ಹೆಣದ ಮೇಲೆ ಹೊದಿಸಿದ ಬಟ್ಟೆಯಂತೆ ಕಾಣುತ್ತದೆ.’ ಇಂಥ ಹೋಲಿಕೆಗಳನ್ನು ಅವರು ಉಪ್ಪಿಟ್ಟು ತಿನ್ನುತ್ತಾ ಕೊಡುತ್ತಿದ್ದರು.

ಒಂದು ದಿನ ಸುಮ್ಮನೆ ಕೇಳಿದೆ. ಲೂಪಿನ ಕಾಲದಲ್ಲಿ ನನ್ನ ಮಾತು ಯಾವಾಗ ಶುರುವಾಗುತ್ತದೆಂದು ಹೇಗೆ ಗೊತ್ತಾಗುತ್ತಿತ್ತು, ಅಕ್ಕ? ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ‘ನಿನ್ನ ಗಲ್ಲ. ಮಾತಿಗೆ ಮುಂಚೆ ನಿನ್ನ ಗಲ್ಲ ಇಷ್ಟೇ ಇಷ್ಟು ಮೇಲೆ ಬರುತ್ತದೆ. ಡಾನ್ಸ್ ಹುಡುಗಿಯರಿಗೆಲ್ಲ ಕಣ್ಣು ಮೊದಲು ಹೋಗುತ್ತದೆ, ನಿನಗೆ ಗಲ್ಲ. ಏಳು ಸಿನಿಮಾ ನಾನು ತುಟಿ ನೋಡಲೇ ಇಲ್ಲ.’ ಐದನೆಯ ವಯಸ್ಸಿನಿಂದ ಕನ್ನಡಿಯ ಮುಂದೆ ನಿಂತು ಬೆಳೆದ ನನಗೆ ಗೊತ್ತಿಲ್ಲದ ಸಂಗತಿ ಅದು. ಗುರುಗಳಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ತಿದ್ದಲಿಲ್ಲವೋ. ಅವರೀಗ ಇಲ್ಲ.

ಡಬ್ಬಿಂಗ್ ನಾಲ್ಕು ದಿನ ನಡೆಯಿತು. ಮೊದಲ ದಿನದ ಕತೆ ಹೇಳಿಯಾಯಿತು. ಎರಡನೆಯ ದಿನ ಜುಲೈ 14, ಸೋಮವಾರ. ಮಧ್ಯದಲ್ಲಿ ಸಹಾಯಕ ನಿರ್ದೇಶಕ ಬಾಗಿಲು ತಳ್ಳಿ ಬಂದು, ಬಿ. ಸರೋಜಾದೇವಿ ಹೋಗಿಬಿಟ್ಟರಂತೆ ಎಂದ. ಮಲ್ಲೇಶ್ವರದ ಅವರ ಮನೆಯಲ್ಲಿ. ಎಂಬತ್ತೇಳು ವರ್ಷ. ಕೆಲಸ ಅರ್ಧ ಗಂಟೆ ನಿಂತಿತು. ಚಿಕ್ಕವಳಿದ್ದಾಗ ಹಾಲಿನ ಬೂತಿಗೆ ಹೋಗುವಾಗ ಅವರ ಕಾರು ಕಂಡರೆ ಅದು ಮೂರು ದಿನದ ಸುದ್ದಿ ನಮಗೆ. 1955ರ ‘ಮಹಾಕವಿ ಕಾಳಿದಾಸ’ದಿಂದ ಹೊರಟು ನಾಲ್ಕು ಭಾಷೆಗಳನ್ನು ಆಳಿದವರು. ತಮಿಳಿನಲ್ಲಿ ಅವರನ್ನು ‘ಕನ್ನಡತ್ತು ಪೈಂಗಿಳಿ’ ಎಂದರು, ಕನ್ನಡದ ಹಸಿರು ಗಿಳಿ. ಅವರ ತಮಿಳಿನಲ್ಲಿ ಕನ್ನಡದ ರಾಗ ಇಣುಕುತ್ತಿತ್ತು, ಜನ ಅದನ್ನೇ ಮೆಚ್ಚಿದರು. ಆ ದಿನ ಸ್ಟುಡಿಯೋದಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದೆ. ಪರಭಾಷೆಯಲ್ಲಿ ತಮ್ಮ ದನಿಯನ್ನೇ ಇಟ್ಟು ಗೆದ್ದವರು ಒಬ್ಬರು. ಅದೇ ಬಡಾವಣೆಯ ನಾನು ಸ್ವಂತ ಭಾಷೆಯಲ್ಲಿ ಟಿಕೆಟ್ ಹಿಡಿದು ಪ ಕಲಿಯುತ್ತಿದ್ದೆ. ಮೊದಲೇ ತಿಳಿದಿದ್ದರೆ ನನ್ನ ಗಾಳಿ ತುಂಬಿದ ಪಾತ್ರೆಯನ್ನೂ ಹಾಗೇ ಬಿಡಿ ಎಂದು ಜಗಳ ಕಾಯಬಹುದಿತ್ತೇನೋ. ಆದರೆ ಪಾತ್ರ ಬಸವನಗುಡಿ ಬಿಟ್ಟು ಎಲ್ಲೂ ಹೋಗದ ಹೆಂಗಸಿನದು. ಅವಳಿಗೆ ಜರ್ಮನಿಯ ಗಾಳಿ ಎಲ್ಲಿಂದ ಬರಬೇಕು?

ಮೂರನೆಯ ದಿನ ಆ ಮಾತು ಬಂತು. ಚಿತ್ರದ ಕೊನೆಯ ಭಾಗ, ಅಣ್ಣಂದಿರ ಎದುರು ಅವಳು ಹೇಳುವುದು: ‘ಅಪ್ಪನ ಮನೆ ಬಾಗಿಲು ನಾನೇ ಮುಚ್ಚಿಕೊಂಡು ಬಂದೆ, ಬೀಗ ಹಾಕಿದ್ದು ಮಾತ್ರ ನೀವು.’ ಬೆರಳು ಮಡಿಚಿ ಎಣಿಸಿದೆ. ಏಳು ಕಡೆ ತುಟಿ ಸೇರಬೇಕು. ಅದೂ ಹತ್ತಿರದ ಶಾಟ್, ಪರದೆ ತುಂಬ ನನ್ನ ಮುಖ. ಮೊದಲ ಟೇಕಿನಲ್ಲಿ ‘ಬೀಗ’ ಬೇಗ ಬಂತು. ಎರಡನೆಯದರಲ್ಲಿ ಎಲ್ಲ ಸೇರಿತು, ಭಾವ ಇರಲಿಲ್ಲ, ರೈಲು ನಿಲ್ದಾಣದ ಪ್ರಕಟಣೆಯಂತಿತ್ತು. ಐದನೆಯದರಲ್ಲಿ ಅಳು ಬಂತು, ಪ ಮತ್ತೆ ಫ ಆಯಿತು. ‘ಪ್ಯಾಚ್ ಹಾಕಿಕೊಳ್ಳೋಣ ಮೇಡಂ, ಎರಡು ಟೇಕಿನಿಂದ ತುಂಡು ಜೋಡಿಸುತ್ತೇನೆ’ ಎಂದ ಹುಡುಗ. ಬೇಡ ಎಂದೆ. ಹನ್ನೊಂದನೆಯ ಟೇಕಾಯಿತು, ಹನ್ನೆರಡಾಯಿತು. ನಿರ್ದೇಶಕ ಗಡಿಯಾರ ನೋಡಲಿಲ್ಲ, ಅದು ಅವನ ದೊಡ್ಡತನ. ಗಂಟೆಯ ಲೆಕ್ಕದಲ್ಲಿ ಬಾಡಿಗೆ.

ಹದಿಮೂರು ಮುಗಿದ ಮೇಲೆ ನೀರು ಕುಡಿದು, ದೀಪ ಇನ್ನೂ ಸಣ್ಣದು ಮಾಡಲು ಹೇಳಿ, ಒಂದು ಸಲ ಸುಮ್ಮನೆ ನೋಡುತ್ತೇನೆ ಎಂದೆ. ನೋಡಿದೆ. ತುಟಿ ನೋಡಲಿಲ್ಲ. ಮೂರು ಬೀಪ್ ಆದವು, ಪರದೆಯ ಮೇಲಿನ ಹೆಂಗಸಿನ ಗಲ್ಲ ಒಂದು ಅಕ್ಕಿಕಾಳಿನಷ್ಟು ಮೇಲೆ ಬಂತು. ಈಗಲೂ! ನರೆಗೂದಲು ಬಂದಿದೆ, ಕತ್ತಿನ ಚರ್ಮ ಇಳಿದಿದೆ, ಅದೊಂದು ಬಿಟ್ಟಿಲ್ಲ. ‘ಹಾಕಪ್ಪ’ ಎಂದೆ. ಗಲ್ಲ ಎದ್ದಿತು, ಉಸಿರು ಬಂತು, ಉಸಿರಿನ ಹಿಂದೆ ಮಾತು ಬಂತು. ಗಾಜಿನ ಆಚೆ ಹುಡುಗ ಏನೂ ಹೇಳಲಿಲ್ಲ, ಹೆಬ್ಬೆರಳು ಮಾತ್ರ ಎತ್ತಿದ.

ನಾಲ್ಕನೆಯ ದಿನ ಉಳಿದ ಚೂರುಪಾರು. ಹೂಂ, ಅಯ್ಯೋ, ಕೆಮ್ಮು, ಮೆಟ್ಟಿಲು ಹತ್ತಿದ ಏದುಸಿರು. ಜಗಲಿಯ ಮೇಲೆ ಬೆನ್ನು ಮಾಡಿ ಕೂತ ಒಂದು ಶಾಟಿಗೆ ‘ಬರೀ ಒಂದು ಉಸಿರು ಬೇಕು ಮೇಡಂ’ ಎಂದರು. ಅದು ಮೊದಲ ಸಲಕ್ಕೇ ಬಂತು.

ಮನೆಗೆ ಹೋಗುವ ದಾರಿಯಲ್ಲಿ, ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಅಕ್ಕನಿ‌ಗೆ ಫೋನ್ ಮಾಡಿದೆ. ಬಾಗಿಲು ಬೀಗದ ಮಾತು ಮುಗಿಯಿತು ಎಂದೆ.

‘ಎಷ್ಟು ಟೇಕ್?’

‘ಹದಿನಾಲ್ಕು.’

ಆ ಕಡೆ ಸ್ವಲ್ಪ ಹೊತ್ತು ಮೌನ. ಯಾವುದೋ ಪಾತ್ರೆ ಕೆಳಗಿಟ್ಟ ಸದ್ದು.

‘ನಾನು ನಿನ್ನದನ್ನು ಎರಡರಲ್ಲಿ ಮುಗಿಸುತ್ತಿದ್ದೆ’ ಎಂದರು ಅಕ್ಕ, ನನ್ನ ಆ ಹಳೆಯ ದನಿಯಲ್ಲಿ.